ಸೊಂಟ ಬಗ್ಗಿದ ದೀಪಸ್ತಂಭ

ಗಿರಾಕಿಯ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದ ಸೊಸೆ ಕೇಳಿದಳು:

“ಅತ್ತೆ, ಚಿಕ್ಕತ್ತೆ ಕಾಗದಕ್ಕೆ ಉತ್ತರ ಹಾಕಿದ್ರಾ?”

“ಹಾಕ್ತೀನಿ ಕಣೆ. ನನ್ನ ತಂಗಿಗೇನು ರೈಲು ತಪ್ಪಿ ಹೋಗುತ್ತಾ?”

ಕಾಗದ ಬಂದಾಗ ಚಳಿಗೆ ಹೊದೆಯುತ್ತಿದ್ದ ಕಂಬಳಿ ಈಗ ಮಡಿಕೆಯಾಗಿ ಅಟ್ಟ ಸೇರಿತ್ತು.

ನನಗೂ ತಂಗಿಗೂ ಒಂದೇ ಹುಚ್ಚು. ಕೋಟೆ, ಗುಹೆ, ಜಲಪಾತ ಅಂತ ಪ್ರವಾಸಿಗರು ಹೋಗುವ ಕಡೆಯೆಲ್ಲ ಆ ಜಾಗದ ಚಿತ್ರವಿರುವ ನೋಟು ಮಾರುತ್ತಾರೆ. ನೋಡಲು ಥೇಟ್ ಹಣ, ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಬೆಳ್ಳಿಪಟ್ಟಿಯೂ ಉಂಟು. ಬೆಲೆಯ ಜಾಗದಲ್ಲಿ ಮಾತ್ರ ಸೊನ್ನೆ. ಬರೀ ನೆನಪಿಗೆ. ತಂಗಿಯ ಗಂಡ ಪ್ರವಾಸದ ಬಸ್ಸಿನ ಚಾಲಕ. ಅವಳು ಕಿಟಕಿ ಪಕ್ಕ ಕೂತು ಊರೂರು ನೋಡಿ ನೋಟು ತರುತ್ತಾಳೆ. ನನಗೆ ಗಿರಾಕಿಗಳು ತಂದುಕೊಟ್ಟದ್ದೇ ಗತಿ. ಅವಳ ಆಲ್ಬಮ್ಮಿನಲ್ಲಿ ಇಲ್ಲದ್ದು ಕಡಲತೀರದ ದೀಪಸ್ತಂಭದ ನೋಟು ಒಂದೇ. ಅದರ ಅಚ್ಚು ನಿಂತುಹೋಗಿದೆ. ನನ್ನ ಬಳಿ ಎರಡಿದ್ದವು. ‘ವಾಚನಾಲಯದಲ್ಲಿ ನನ್ನ ಆಲ್ಬಮ್ ಪ್ರದರ್ಶನಕ್ಕೆ ಇಡ್ತಾರಂತೆ, ಒಂದು ಕಳಿಸಕ್ಕ’ ಎಂದು ಬರೆದಿದ್ದಳು. ಕಳಿಸಿದರೆ ಅವಳದು ಭರ್ತಿ. ನನ್ನದರಲ್ಲಿ ಎಷ್ಟೋ ಪುಟ ಬಾಯಿ ಬಿಟ್ಟುಕೊಂಡಿವೆ. ಅದಕ್ಕೇ ಉತ್ತರ ಮುಂದೂಡುತ್ತಾ ಬಂದಿದ್ದೆ.

ಸೊಸೆಯ ಕಾಟ ತಡೆಯಲಾರದೆ ಎರಡರಲ್ಲಿ ಮಡಿಕೆ ಬಿದ್ದದ್ದನ್ನು ತೆಗೆದೆ. ಮಡಿಕೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತೆಳುಬಟ್ಟೆ ಹಾಸಿ ಇಸ್ತ್ರಿ ಎಳೆದೆ. ಮಡಿಕೆಯೇನೋ ಹೋಯಿತು, ಆದರೆ ಕಾವಿಗೆ ಬೆಳ್ಳಿಪಟ್ಟಿ ಮುದುಡಿ, ಪಕ್ಕದ ದೀಪಸ್ತಂಭವನ್ನೂ ಎಳೆದು ಬಗ್ಗಿಸಿಬಿಟ್ಟಿತು.

“ಅಯ್ಯೋ ಅತ್ತೆ! ದೀಪಸ್ತಂಭಕ್ಕೂ ಸೊಂಟನೋವು ಬಂತಲ್ಲ!”

“ಬರಲಿ ಬಿಡು. ಇದನ್ನೇ ಕಳಿಸ್ತೀನಿ. ಅವಳು ಕೇಳಿದ್ದು ನೋಟು ತಾನೆ?” ಒಳಗೊಳಗೇ ಹಾಯೆನಿಸಿತು.

ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಕಳಿಸಿ, ಕಳಿಸಿ. ಇಂಥದ್ದು ಲೋಕದಲ್ಲೇ ಇನ್ನೊಂದಿರಲ್ಲ. ಪ್ರದರ್ಶನಕ್ಕೆ ಬಂದೋರೆಲ್ಲ ಇದರ ಮುಂದೇನೇ ನಿಲ್ತಾರೆ. ಚಿಕ್ಕತ್ತೆ ಕತೆ ಹೇಳಿದ್ದೇ ಹೇಳಿದ್ದು!”

ಲಕೋಟೆ ಹುಡುಕುತ್ತಿದ್ದ ನನ್ನ ಕೈ ನಿಂತಿತು. ನೋಟು ನನ್ನದು, ಇಸ್ತ್ರಿ ನನ್ನದು, ಚಪ್ಪಾಳೆ ಅವಳಿಗಾ?

“ಕೊಡೇ ಇಲ್ಲಿ!”

ಕಿತ್ತುಕೊಂಡು ನನ್ನ ಆಲ್ಬಮ್ಮಿನ ಮೊದಲ ಪುಟಕ್ಕೆ ಸೇರಿಸಿದೆ. ಒಂದು ಸುಕ್ಕೂ ಇಲ್ಲದ ಇನ್ನೊಂದನ್ನು ಲಕೋಟೆಗೆ ಹಾಕಿ, ‘ಒಳ್ಳೆಯದನ್ನೇ ಕಳಿಸಿದ್ದೇನೆ, ಜೋಪಾನ’ ಎಂದು ಬರೆದೆ. ಸೊಸೆ ಗಂಟಿನ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. ನಗಲಿ. ಮನಸ್ಸು ಬದಲಾಗುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕಿಬಂದೆ.