ಬೆಳ್ಳಪ್ಪನ ಓದು

ಚಟ್ಟಕ್ಕೆ ಹಗ್ಗ ಸಾಲದೆಂದು ಯಾರೋ ಹೇಳಿದ್ದೇ ತಡ, ತನುಜಾ ಚಪ್ಪಲಿಯನ್ನೂ ಮೆಟ್ಟದೆ ಗೇಟು ದಾಟಿದಳು. ತರಲು ಗಂಡಸರಿದ್ದರು. ಆದರೆ ಬೆಳಗಿನಿಂದ ಅವಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಬಂದವರಿಗೆ ನೀರು ಕೊಟ್ಟಳು, ಕುರ್ಚಿ ಹಾಕಿದಳು, ತೀರ್ಥಹಳ್ಳಿಯಿಂದ ಹೊರಟ ನೆಂಟರಿಗೆ ಮತ್ತೆ ಮತ್ತೆ ಫೋನು ಹಚ್ಚಿದಳು. ಜಗಲಿಯಲ್ಲಿ ಮಲಗಿಸಿದ್ದ ಅಪ್ಪನ ಮುಖವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ.

ಬೆಳ್ಳಪ್ಪ ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಖಾಸಗಿ ಬಸ್ಸು ಓಡಿಸಿಕೊಂಡೇ ಆಯುಷ್ಯ ಕಳೆದವನು. ಸ್ಟೇರಿಂಗು ಬಿಟ್ಟ ಮೇಲೆ ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದ. ನಿನ್ನೆ ಎದೆನೋವೆಂದು ಮಲಗಿದವನು ಏಳಲಿಲ್ಲ.

ಪಕ್ಕದ ಮನೆಯ ಕಿಟಕಿಯಲ್ಲಿ ತನುಜಾಳ ಮಗಳು ಯಶಸ್ವಿನಿ ಕಂಡಳು. ಐದು ವರ್ಷದ ಮಗು. ಕೈಗೆ ಮೊಬೈಲು ಕೊಟ್ಟು ಕೂರಿಸಿದ್ದರು. ಅದರಲ್ಲಿ ಕಾರ್ಟೂನು ಕುಣಿಯುತ್ತಿತ್ತು. ಮಗು ತನ್ನ ಮನೆಯಂಗಳದ ಜನರನ್ನು ನೋಡುತ್ತಿತ್ತು.

"ಅಜ್ಜ ಬಸ್ ತಗೊಂಡು ಹೋಗಿದಾರೆ ಅಂತ ಹೇಮಜ್ಜಿ ಹೇಳಿದ್ರು," ಎಂದಳು. "ಅಜ್ಜಂಗೆ ಈಗ ಬಸ್ಸೇ ಇಲ್ವಲ್ಲಮ್ಮ?"

ತನುಜಾ ಅಂಗಡಿಯ ಕಡೆ ಬಿರಬಿರನೆ ನಡೆದಳು.

* * *

ತನ್ನ ತಾಯಿ ವರದಾ ಕಾಮಾಲೆಯಾಗಿ ತೀರಿಕೊಂಡಾಗ ತನುಜಾ ಕೂಡ ಇಷ್ಟೇ ಚಿಕ್ಕವಳು. ಅಮ್ಮ ಸಿಗಂದೂರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದರು ಎಲ್ಲರೂ. ಸಂಜೆಯಾದರೆ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಇಳಿಯುವ ಹೆಂಗಸರ ಮುಖ ನೋಡುತ್ತಿದ್ದಳು. ತನಗಾಗಿ ಕಾಯುತ್ತಾಳೆಂದೇ ಬೆಳ್ಳಪ್ಪ ತಿಳಿದಿದ್ದ.

ಒಂದು ದಿನ ಅವನು ಸಾಗರದಿಂದ ಚಿತ್ರದ ಪುಸ್ತಕ ತಂದ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತಿತ್ತು. ಅದಕ್ಕೇ ಇಬ್ಬರೂ ಚಿತ್ರ ನೋಡುತ್ತ ಕೂತರು. ಗೂಡಿನಲ್ಲಿ ಎರಡು ಮರಿ, ಕೊಂಬೆಯ ಮೇಲೆ ಒಂದೇ ಹಕ್ಕಿ.

"ಇವುಗಳ ಅಮ್ಮನೂ ಸಿಗಂದೂರಿಗೆ ಹೋಗಿದ್ಯಾ?"

ಬೆಳ್ಳಪ್ಪನಿಗೆ ಬಸ್‌ಸ್ಟ್ಯಾಂಡಿನ ಸಂಜೆಗಳೆಲ್ಲ ಆಗ ಅರ್ಥವಾದವು.

"ನಿನ್ನಮ್ಮ ಸಿಗಂದೂರಿಗೆ ಹೋಗ್ಲಿಲ್ಲ ಮಗಾ. ಸತ್ತೋದ್ಲು. ಇನ್ನು ಬರೂದಿಲ್ಲ."

ಅವಳು ಅತ್ತು ಮುಗಿಸುವವರೆಗೂ ಅವನು ಪುಸ್ತಕ ಮುಚ್ಚಲಿಲ್ಲ, ಎದ್ದೂ ಹೋಗಲಿಲ್ಲ. ಮರುದಿನ ಸಂಜೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗದೆ ಮನೆಯಲ್ಲೇ ಅಪ್ಪನಿಗಾಗಿ ಕಾದಳು. ಅವನು ಇನ್ನೊಂದು ಪುಸ್ತಕ ತಂದಿದ್ದ.

* * *

ತನುಜಾ ಹಗ್ಗ ಹಿಡಿದು ಬರುವಾಗ ಅಂಗಳದಲ್ಲಿ ಅಪ್ಪನ ಬಸ್ಸಿನ ಕಂಡಕ್ಟರ್ ಹುಲಿಯಪ್ಪ ಹಳೆಯದನ್ನೆಲ್ಲ ಹೇಳುತ್ತಿದ್ದ. ಬಸ್ಸು ಹೊರಡುವ ಮೊದಲು ಬೆಳ್ಳಪ್ಪ ಡ್ರೈವರ್ ಸೀಟಿನಲ್ಲೇ ಪುಸ್ತಕ ತೆಗೆದು, ಹುಲಿ ಕರಡಿಗಳ ದನಿ ಕಲಿಯುತ್ತಿದ್ದನಂತೆ. ಮುಂದಿನ ಸೀಟಿನವರು ಹಿಂದಕ್ಕೆ ಸರಿದು ಕೂರುತ್ತಿದ್ದರಂತೆ. ಕೇಳಿದವರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ತನುಜಾಗೆ ಹೋದ ವಾರದ್ದು ನೆನಪಾಯಿತು. ಕೆಲಸದಿಂದ ಬಂದವಳು ಗಡಿಯಾರ ನೋಡುತ್ತ ಯಶಸ್ವಿನಿಗೆ ಪುಸ್ತಕವನ್ನು ಗಡಗಡ ಓದುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು, "ಮುಗ್ಸೋಕೆ ಓದ್ಬೇಡ ಮಗಾ. ಮಗು ಎಲ್ಲಿ ನೋಡ್ತದೋ ಅಲ್ಲೇ ನೀನೂ ಇರು," ಎಂದಿದ್ದ.

ಹಗ್ಗವನ್ನು ಹುಲಿಯಪ್ಪನ ಕೈಗಿತ್ತು ಪಕ್ಕದ ಮನೆಗೆ ಹೋದಳು. ಮಗುವನ್ನು ಎತ್ತಿಕೊಂಡು ಬಂದಾಗ ಸೋದರತ್ತೆ ಹೇಮಾವತಿ ಅಡ್ಡ ನಿಂತರು.

"ಬೇಡ ಕಣೇ, ಮಗು ಹೆದರ್ತದೆ."

"ಕಿಟಕೀಲಿ ಎಲ್ಲಾ ನೋಡ್ತಾ ಇದೆ ಅತ್ತೆ. ಒಬ್ಳೇ ಹೆದರೋದು ಬೇಡ."

ಅಪ್ಪನ ಪಕ್ಕ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಂಡಳು.

"ಅಜ್ಜ ಸತ್ತೋಗಿದಾರೆ ಪುಟ್ಟಾ. ಇನ್ನು ಏಳಲ್ಲ."

ಮಗು ಅಳಲಿಲ್ಲ. ಕಾಲಿನಿಂದ ನೋಡುತ್ತ ಬಂತು. ಅದು ನೋಡಿದಲ್ಲೆಲ್ಲ ತನುಜಾ ನೋಡಿದಳು: ಹೆಬ್ಬೆರಳುಗಳಿಗೆ ಕಟ್ಟಿದ ದಾರ, ಎದೆಯ ಮೇಲಿನ ಹಾರ, ಗಲ್ಲದ ಬಿಳಿ ಕುರುಚಲು.

"ಮೂಗಲ್ಲಿ ಹತ್ತಿ ಇಟ್ರೆ ಉಸಿರಾಡೋದು ಹೆಂಗೆ?"

"ಅಜ್ಜ ಈಗ ಉಸಿರಾಡಲ್ಲ."

ಮಗು ಅಂಗೈಯನ್ನು ತನ್ನ ಮೂಗಿನ ಕೆಳಗೆ ಹಿಡಿದು ನೋಡಿತು. ಆಮೇಲೆ ಅಮ್ಮನ ಮೂಗಿನ ಕೆಳಗೆ ಹಿಡಿದು, ಅಲ್ಲೇ ಇಟ್ಟುಕೊಂಡಿತು.

ಹೊತ್ತಾಯಿತೆಂದು ಯಾರೋ ಗೊಣಗಿದರು. ಹೊರಲು ಬಂದು ನಿಂತಿದ್ದವರಲ್ಲಿ ಮೊದಲು ಹುಲಿಯಪ್ಪ ಹೆಗಲ ಟವೆಲು ತೆಗೆದು ನೆಲದ ಮೇಲೆ ಕೂತ. ಉಳಿದವರೂ ಒಬ್ಬೊಬ್ಬರಾಗಿ ಕೂತರು.