ಕೈ ಬದಲಿಸುವ ತನಕ

ಮುಂದಿನ ಲಾರಿಯ ಹಿಂದೆ ಇಳಿಬಿದ್ದ ಹಗ್ಗ ಅಲ್ಲಾಡುತ್ತಿಲ್ಲ, ಅಂದರೆ ಲಾರಿ ಚಲಿಸುತ್ತಿಲ್ಲ, ಅಂದರೆ ಈ ಆಟೋ ಕೂಡ — ಸ್ವಲ್ಪ ಬೇಗ ಅಣ್ಣಾ, ಎಲ್ಲಿಂದ ಹೋಗ್ಲಮ್ಮ, ಮೇಲಿಂದ ಹಾರ್ಲಾ — ಅವಳು ಮತ್ತೆ ಗಡಿಬಿಡಿಗೆ ಫೋನು ಮಾಡಿದಳು, ಮತ್ತೆ ಎಂಗೇಜು. ಗಡಿಬಿಡಿ ಎಂದರೆ ಏಜೆನ್ಸಿಯ ಮ್ಯಾನೇಜರು, ಹೆತ್ತವರಿಟ್ಟ ಹೆಸರು ಬೇರೆ, ಮನೆಮನೆಗೆ ಹೋಗುವ ನರ್ಸುಗಳ ಬಾಯಲ್ಲಿ ಮಾತ್ರ ಇದೇ, ಯಾರನ್ನು ಎಲ್ಲಿಗೆ ಕಳಿಸಿದೆನೆಂದು ಕಳಿಸಿದ ಬಾಯಿಗೇ ನೆನಪಿರದು, ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬಾಯಿ ತುಂಬ ಬೈದು ಹಗುರಾಗಬಹುದಿತ್ತು. ಅವನ ಅವಾಂತರ ತಾಳಲಾರದೆ ನರ್ಸುಗಳು ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು, ಬರುವವಳು ಬಂದು ರೋಗಿಯ ಭುಜದ ಮೇಲೆ ಕೈ ಇಡುವ ತನಕ ಇದ್ದವಳು ತನ್ನ ಕೈ ತೆಗೆಯಬಾರದು, ಅವನು ಏನೇ ಹೇಳಲಿ. ಎಷ್ಟು ಸಂಜೆ ಹಾಗೆ ಕೂತಿಲ್ಲ ಅವಳು, ಮನೆಯಲ್ಲಿ ಗಂಡ ಮುಖ ಊದಿಸಿಕೊಂಡಿರುತ್ತಿದ್ದ. ಆದರೆ ಇವತ್ತು ಗಡಿಬಿಡಿಯ ಫೋನು — ಇನ್ನೊಂದು ಮನೇಲಿ ಅಜ್ಜಿ ಒಬ್ರೇ ಇದಾರೆ ಸಿಸ್ಟರ್, ಈಗ್ಲೇ ಹೊರಡಿ, ನಿಮ್ಮ ಜಾಗಕ್ಕೆ ಕನ್ನಡಕದ ಸಿಸ್ಟರ್ ಬಂದ್ರು ಅಂತಲೇ ಇಟ್ಕೊಳ್ಳಿ — ಕನ್ನಡಕದವಳಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು, ಪ್ರತಿಸಲ ಕೇಳುತ್ತಿದ್ದಳು, ಇವತ್ತು ರೇಗಿತ್ತು, ಈ ಮನುಷ್ಯ ಚೆಲ್ಲಿದ್ದನ್ನು ನಾನೆಷ್ಟು ದಿನ ಬಳಿಯಲಿ, ಒಂದು ಸಲ ಅವನ ತಲೆಗೇ ಬರಲಿ. ತಾನು ನೋಡಿಕೊಳ್ಳುವ ಹುಡುಗಿಯ ಮನೆಗೆ ಬೀಗ ಹಾಕಿ, ಬರುವವಳಿಗೆಂದು ಬೀಗದ ಕೈ ಚಪ್ಪಲಿ ಗೂಡಿನಲ್ಲಿಟ್ಟು ಮೆಟ್ಟಿಲಿಳಿದಳು. ಅಜ್ಜಿಯ ಮನೆಯ ಬಾಗಿಲು ತೆರೆದದ್ದು ಕನ್ನಡಕದ ಸಿಸ್ಟರ್. ನೀವ್ಯಾಕೆ ಬಂದ್ರಿ ಅಕ್ಕಾ, ಬೆಳಿಗ್ಗೆಯಿಂದ ನಾನೇ ಇದೀನಲ್ಲ ಇಲ್ಲಿ.

ಲಾರಿ ಹೊರಟಿತು, ಆಟೋ ಮತ್ತೆ ಹುಡುಗಿಯ ಮನೆಯ ಕಡೆಗೆ ನುಗ್ಗಿತು. ಹುಡುಗಿಯ ತಾಯಿಗೆ ಫೋನು ತಾಗುವುದಿಲ್ಲ, ಬಟ್ಟೆ ಕಾರ್ಖಾನೆಯ ಗೇಟಿನಲ್ಲೇ ಫೋನು ಕಸಿದಿಟ್ಟುಕೊಳ್ಳುತ್ತಾರೆ, ನಿಮ್ಮನ್ನ ನಂಬಿ ಬಿಟ್ಟು ಹೋಗ್ತೀನಮ್ಮ ಎಂದು ದಿನವೂ ಹೇಳುತ್ತಾಳೆ, ದಿನವೂ. ಅಪಘಾತದಲ್ಲಿ ಕತ್ತಿನಿಂದ ಕೆಳಗೆ ಮೈ ಸತ್ತೇ ಹೋದ ಹುಡುಗಿ, ಗಂಟಲಿಗೆ ಉಸಿರಿನ ನಳಿಕೆ, ಕಫ ಕಟ್ಟಿದರೆ ಯಂತ್ರವಿಟ್ಟು ಎಳೆಯಬೇಕು, ಕೂಗಲು ದನಿಯಿಲ್ಲ, ಬೆಲ್ಲು ಒತ್ತಲು ಬೆರಳಿಲ್ಲ, ಕೊನೆಯ ಸಲ ಎಳೆದದ್ದು ಯಾವಾಗ, ಒಂದು ಗಂಟೆಯಾಯಿತೇ, ಹೆಚ್ಚೇ, ದೇವರೇ, ಕಫ ಗಟ್ಟಿಯಿತ್ತು ಇವತ್ತು, ತೆಳುವಾಗಿಯೇ ಇತ್ತು, ಇಲ್ಲ ಗಟ್ಟಿಯಿತ್ತು. ಮಾತೆಲ್ಲ ರೆಪ್ಪೆಯಲ್ಲೇ, ಒಂದು ಸಲ ಮುಚ್ಚಿದರೆ ಹೂಂ, ಎರಡು ಸಲ ಮುಚ್ಚಿದರೆ ಬೇಡ, ಹಾಗೆಂದು ಇಬ್ಬರೂ ಸೇರಿ ಮಾಡಿಕೊಂಡದ್ದು. ಹೊರಡುವಾಗ ಕೇಳಿದ್ದಳಲ್ಲ, ಹೋಗ್ಲಾ ಚಿನ್ನಾ, ಇನ್ನೊಬ್ಬ ಅಕ್ಕ ಬರ್ತಾ ಇದಾಳೆ, ಹುಡುಗಿ ರೆಪ್ಪೆ ಮುಚ್ಚಿ ತೆರೆದಳು, ಹೂಂ ಎಂದಳು, ಇವಳು ಬ್ಯಾಗು ಹೆಗಲಿಗೇರಿಸಿದಳು, ಏರಿಸುವಾಗ ಓರೆಗಣ್ಣಿಗೆ ಮತ್ತೆ ಮುಚ್ಚಿದ ಹಾಗೆ ಕಂಡಿತ್ತು, ನಿದ್ದೆ ಇರಬೇಕು ಎಂದುಕೊಂಡಳು, ನಿದ್ದೆಯೇ, ಊಟವಾದ ಮೇಲೆ ತೂಕಡಿಸುತ್ತಾಳಲ್ಲ — ಊಟ ಇನ್ನೂ ಕೊಟ್ಟಿರಲಿಲ್ಲ. ಬಂತಮ್ಮ, ಇದೇ ಮನೆ ತಾನೇ, ಇಳೀರಿ. ಬ್ಯಾಗಿನ ಪಟ್ಟಿ ಹಿಡಿದು ಕೂತೇ ಇದ್ದಾಳೆ. ಅಮ್ಮಾ, ಇಳೀರಿ ಅಂದೆ. ಕಣ್ಣೆದುರು ಹುಡುಗಿಯ ರೆಪ್ಪೆ ಮುಚ್ಚಿತು, ತೆರೆಯಿತು, ಅವಳು ತಿರುಗುತ್ತಿದ್ದಾಳೆ, ಬ್ಯಾಗಿನ ಪಟ್ಟಿ ಎಳೆಯುತ್ತಿದ್ದಾಳೆ, ರೆಪ್ಪೆ ಮತ್ತೆ ಮುಚ್ಚಿತು —