ನಿಮಿಷಕ್ಕೆ ನೂರ ನಲವತ್ತನಾಲ್ಕು

ಕೀನ್ಯಾದ ಓಟಗಾರರ ಊರು, ನಮ್ಮ ಇಟೆನ್‌ನಲ್ಲಿ ಹಾಲು ಕರೆಯುವವಳಿಗೂ ನಾಡಿ ಎಣಿಸಲು ಬರುತ್ತದೆ. ಬೆಳಿಗ್ಗೆ ಎದ್ದಾಗ ನಿಮಿಷಕ್ಕೆ ನಲವತ್ತು ಬಡಿದರೆ ಒಳ್ಳೆಯ ಓಟಗಾರ; ಎಪ್ಪತ್ತಾದರೆ ಆ ದಿನ ಓಟವಿಲ್ಲ. ನನ್ನ ಗಂಡ ಚೂಮೊ ಹುಡುಗಿಯರಿಗೆ ಓಟ ಕಲಿಸುವವನು. ಈ ಲೆಕ್ಕ ಬಿಟ್ಟರೆ ಬೇರೆ ಸತ್ಯ ಅವನಿಗಿಲ್ಲ.

ನಮ್ಮ ಮೊದಲ ಮಗು ಹೃದಯದಲ್ಲಿ ತೂತಿದ್ದು ಮೂರೇ ತಿಂಗಳಿಗೆ ತೀರಿಹೋಯಿತು. ಓಟಗಾರ್ತಿಯಾದ ನಾನೇ ಬಸುರಿನಲ್ಲಿ ಓಡಿ ಓಡಿ ಅದರ ಎದೆ ಹರಿದೆನೆಂದು ಅತ್ತೆ ಕೊಬಿಲೊ, ಹಾಲಿನ ಡೈರಿಯಿಂದ ಚರ್ಚಿನವರೆಗೂ ಹೇಳಿಕೊಂಡು ಬಂದಳು. ಚೂಮೊ ಒಮ್ಮೆಯೂ ಅಲ್ಲವೆನ್ನಲಿಲ್ಲ. ಈಗ ಮತ್ತೆ ಬಸುರಿ, ಆರು ತಿಂಗಳು. ಸಂಜೆ ಅರ್ಧ ಗಂಟೆ ನಡೆದು ಬರುತ್ತೇನೆಂದದ್ದಕ್ಕೆ ನನ್ನ ಶೂ ಅತ್ತೆಯ ಪೆಟ್ಟಿಗೆ ಸೇರಿ ಬೀಗ ಬಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಯ ಮೇಲೆ ಬಡಿತ ಕೇಳುವ ಯಂತ್ರವಿಟ್ಟಳು. ಹುಡುಗಿಯರ ಗುಂಪು ಡಾಂಬರಿನ ಮೇಲೆ ಓಡಿಬಂದಂಥ ಸದ್ದು. ಚೂಮೊ ಕೊರಳಿನ ಸ್ಟಾಪ್‌ವಾಚ್ ಒತ್ತಿ ಎಣಿಸಿದ. ನನ್ನ ಕಡೆ ತಿರುಗಿದ.

"ಮಲಗಿದ್ರೂ ನೂರ ನಲವತ್ತನಾಲ್ಕು. ಕದ್ದು ಎಲ್ಲಿಗೆ ಓಡ್ತಿದೀಯ ಹೇಳು. ಇದನ್ನೂ ಓಡಿಸಿ ಕೊಲ್ಬೇಕಾ?"

 ನರ್ಸ್ ಪಕ್ಕದ ಹಾಸಿಗೆಯ ಬಸುರಿಯ ಒಪ್ಪಿಗೆ ಕೇಳಿಕೊಂಡು, ಯಂತ್ರವನ್ನು ಅವಳ ಹೊಟ್ಟೆಗಿಟ್ಟಳು. ಎಣಿಸು ಎಂದಳು. ಎಣಿಸಿದ. ನೂರ ಐವತ್ತೆರಡು.

"ಎರಡು ತಿಂಗಳಿಂದ ಹಾಸಿಗೆ ಬಿಟ್ಟಿಲ್ಲ ಕಣಪ್ಪ ಕೋಚು, ಇವಳು. ಇವಳೂ ಕದ್ದು ಓಡ್ತಾಳಾ?"

ಆ ಹೆಂಗಸು ಕಿಸಕ್ಕನೆ ನಕ್ಕಳು. ಹೊಟ್ಟೆಯ ಮಗುವಿನ ಎದೆ ದೊಡ್ಡವರ ಲೆಕ್ಕಕ್ಕೆ ಬಡಿಯುವುದಿಲ್ಲ, ತೂತು ಬೀಳುವುದು ಹೃದಯ ಮೂಡುವ ಮೊದಲ ವಾರಗಳಲ್ಲಿ, ಅದನ್ನು ತಾಯಿಯ ಓಟ ಹರಿಯುವುದಿಲ್ಲ ಎಂದು ನರ್ಸ್ ಹೇಳಿದಳು. ನನಗೆ ಯಾವ ತೊಂದರೆಯೂ ಇಲ್ಲವಾದ್ದರಿಂದ ದಿನವೂ ನಡೆಯಲಿ, ಮಗುವಿನ ಎದೆಗೂ ಅದು ಒಳ್ಳೆಯದೇ ಎಂದಳು. 

ಮನೆಯ ಹತ್ತಿರ ಬಾಡಿಗೆ ವ್ಯಾನು ಮತಾಟುವಿನಿಂದ ಇಳಿದ ಮೇಲೆ, ಇದನ್ನೆಲ್ಲ ನಿನ್ನಮ್ಮನಿಗೆ ನೀನೇ ಹೇಳು ಎಂದೆ.

"ವಯಸ್ಸಾಗಿದೆ ಅವಳಿಗೆ. ಬಿಟ್ಬಿಡು."

"ಮೂರು ವರ್ಷ ಬಿಟ್ಟೆ. ನೀನು ಹೇಳೋವರೆಗೂ ಆ ಗೇಟು ದಾಟಲ್ಲ."

ಅತ್ತೆ ಗೇಟಿನಲ್ಲೇ ನಿಂತಿದ್ದಳು. ಡಾಕ್ಟರು ಏನಂದ್ರು, ಎದೆ ನೆಟ್ಟಗಿದೆಯಾ ಅಥವಾ ಇದನ್ನೂ ತಿಂದ್ಳಾ ಎಂದು ಮಗನನ್ನು ಕೇಳಿದಳು. ಚೂಮೊ ಸ್ಟಾಪ್‌ವಾಚನ್ನು ಅಂಗಿಗೆ ಒರೆಸತೊಡಗಿದ.

ನಾನು ಗೇಟು ಬಿಟ್ಟು, ಚಪ್ಪಲಿಯಲ್ಲೇ ತವರಿನ ದಾರಿ ಹಿಡಿದೆ. ಎರಡು ಮೈಲಿ. ಹಿಡ್ಕೊಳೋ ಅವಳನ್ನ ಎಂದು ಅತ್ತೆ ಕೂಗಿದಳು. ಅವನು ಹಿಡಿಯಲಿಲ್ಲ, ಬಾಯನ್ನೂ ಬಿಡಲಿಲ್ಲ. ಈಗಲಾದರೂ ಅಮ್ಮನಿಗೆ ಹೇಳುತ್ತಾನೇನೋ ಎಂದು ತಿರುವು ಬರುವವರೆಗೂ ಕಿವಿಗೊಟ್ಟೇ ನಡೆದೆ.